ಸೂಗಪ್ಪನ ಕಣ್ಣಿದ್ದ ಮಖಮಲ್

“ಒಮ್ಮೆ ಕಣ್ಣು ಬರೆದ ಮಖಮಲ್ಲಿಗೆ ಇನ್ನೊಬ್ಬರ ಮಾರಿ ಹಚ್ಚಬ್ಯಾಡ್ರಿ ಪೇಂಟರ್ ಸಾಬ್,” ಎಂದ ಅಮೀರ್ ಸಾಬ್. “ಸತ್ತವರ ಕಣ್ಣದು.”

ಉದಯಕುಮಾರ ನಕ್ಕ. ನಗಬಾರದಿತ್ತು. ಅಮೀರ್ ಸಾಬ್ ಮಾನ್ವಿಯ ಆ ಗಲ್ಲಿಯಲ್ಲಿ ನಲವತ್ತು ವರ್ಷದಿಂದ ಸತ್ತವರ ಫೋಟೋಗಳಿಗೆ ಕಟ್ಟು ಹಾಕುತ್ತ ಬಂದ ಮುದುಕ. ಊರಿನ ಗೋಡೆಗಳ ಮೇಲೆ ಹಾರ ಹಾಕಿಸಿಕೊಂಡು ಕುಳಿತವರನ್ನೆಲ್ಲ ಒಮ್ಮೆ ತನ್ನ ತೊಡೆಯ ಮೇಲೆ ಮಲಗಿಸಿಕೊಂಡು ಗಾಜು ಒರೆಸಿದವನು. ಅಂಥವನು ಬಾಯಿಬಿಟ್ಟು ಒಂದು ಮಾತು ಹೇಳಿದರೆ ಕೇಳಬೇಕು. ಆದರೆ ಕಲಬುರಗಿಯಲ್ಲಿ ಚಿತ್ರಕಲೆ ಕಲಿತು, ಎರಡು ವರ್ಷದ ಹಿಂದೆ ಹೆಂಡತಿ ಮಗಳೊಂದಿಗೆ ಇಲ್ಲಿಗೆ ಬಂದು ಪಕ್ಕದಲ್ಲೇ ಅಂಗಡಿ ಹಾಕಿದ ಈ ಮಹಾಶಯನಿಗೆ ಕಟ್ಟು ಹಾಕುವವನ ಮಾತು ಎಲ್ಲಿ ಹಿಡಿಸೀತು? ಕಣ್ಣಂದರ ಎರಡು ಚಿಟಿಕಿ ಬಿಳಿ ಬಣ್ಣ ಚಾಚಾ, ಅದಕ್ಕೇನು ಜೀವ ಇರ್ತದ ಎಂದು ಗೇಲಿ ಮಾಡಿ ಕುಂಚ ತೊಳೆಯಲು ಕುಳಿತ.

ಅವಸರ ಅವನದಲ್ಲ, ಬಸವಪ್ರಸಾದನದು. ರಾಯಚೂರಿನ ಅಕ್ಕಿ ಗಿರಣಿಯವರ ಮಗ. ಕಲ್ಮಲದ ರಸ್ತೆಯಲ್ಲಿ ಹೊಸ ಹೋಟೆಲ್ ಕಟ್ಟಿಸಿದ್ದ. ಗೋವಾಕ್ಕೆ ಹೋಗಿ ಬಂದವನ ತಲೆಗೆ ‘ಟಿಕಿ’ ಹೊಕ್ಕಿತ್ತು. ಸಮುದ್ರದ ನಡುವಿನ ದ್ವೀಪಗಳ ಮಂದಿ ಮರದಲ್ಲಿ ಕೆತ್ತಿಕೊಂಡ ಮುಖಗಳಂತೆ ಅವು. ಗುಂಡುಗಣ್ಣು, ಕೋರೆಹಲ್ಲು, ಹೊರಚಾಚಿದ ನಾಲಗೆ, ಹಿಂದೆ ಬೆಂಕಿಯುಗುಳುವ ಬೆಟ್ಟ, ತೆಂಗಿನ ಮರ. ಅಂಥ ಹನ್ನೆರಡು ಮುಖಗಳನ್ನು ಕರಿ ಮಖಮಲ್ಲಿನ ಮೇಲೆ ಬರೆದುಕೊಡು, ಶುಕ್ರವಾರ ಉದ್ಘಾಟನೆ ಎಂದಿದ್ದ. ಉದಯಕುಮಾರ ಫೋನಿನಲ್ಲಿ ಹುಡುಕಿ ಓದಿದ. ಆ ದ್ವೀಪದವರಿಗೆ ಅವು ಆಟಿಕೆಯಲ್ಲ, ತಮ್ಮ ಹಿರಿಯರು ಎಂದು ಬರೆದಿತ್ತು. ಓದಿ ಬೆರಳಿನಿಂದ ಮೇಲೆ ತಳ್ಳಿದ. ಯಾರದೋ ಮುತ್ತಜ್ಜ ಗೋಬಿ ಮಂಚೂರಿ ತಿನ್ನುವವರ ತಲೆಯ ಮೇಲೆ ನಾಲಗೆ ಚಾಚಿ ನೇತಾಡಿದರೆ ಇವನಿಗೇನು? ಇವನ ಅಜ್ಜ ಅಲ್ಲವಲ್ಲ.

ಹನ್ನೊಂದು ಮುಗಿದವು. ಹನ್ನೆರಡನೆಯದಕ್ಕೆ ಬಟ್ಟೆ ಇರಲಿಲ್ಲ, ಹೈದರಾಬಾದಿನಿಂದ ಬರಬೇಕಾದ ಥಾನು ಬಂದಿರಲಿಲ್ಲ. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ ಒಂದು ಚೌಕಟ್ಟಿತ್ತು. ಅದರ ಮಖಮಲ್ಲಿನ ಮೇಲೆ ಎರಡು ಕಣ್ಣು ಮಾತ್ರ ಬರೆದಾಗಿತ್ತು. ಸೂಗಪ್ಪನ ಕಣ್ಣು.

ಸೂಗಪ್ಪ ಪೋತ್ನಾಳದವನು, ಕಂಡವರ ಭತ್ತದ ಗದ್ದೆಗೆ ನೀರು ಕಟ್ಟುತ್ತಿದ್ದವನು. ಜಾರಿ ನಾಲೆಗೆ ಬಿದ್ದ. ಮೂರನೆಯ ದಿನ ಸಿಕ್ಕ ಹೆಣಕ್ಕೆ ಮುಖವೆಂಬುದೇ ಉಳಿದಿರಲಿಲ್ಲ. ಫೋಟೋಗಳಿದ್ದ ಫೋನು ಅವನೊಂದಿಗೇ ಮುಳುಗಿತು. ಆಧಾರ್ ಕಾರ್ಡಿನಲ್ಲಿ ಇದ್ದದ್ದು ಒಂದು ಮಸಿಯ ಮುದ್ದೆ. ಅವನ ಹೆಂಡತಿ ಗೋಪಮ್ಮ ಅದನ್ನೂ ತಂದಿದ್ದಳು. ಇದರಾಗ ಅವ ಇಲ್ರೀ ಎಂದು ತಾನೇ ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಫೋಟೋ ಇಲ್ಲದೆ ಹ್ಯಾಂಗ ಬರೀಲಿ ಎಂದು ಉದಯಕುಮಾರ ಕೇಳಿದ್ದಕ್ಕೆ, ನಾ ಹೇಳ್ತೀನಿ, ನೀವು ಬರೀರಿ ಎಂದಿದ್ದಳು.

ಐದು ಗುರುವಾರ ಬಂದಳು. ಮಖಮಲ್ಲನ್ನು ರಾಯಚೂರಿಗೆ ಹೋಗಿ ತಾನೇ ಆರಿಸಿ ತಂದಿದ್ದಳು. ಅಂಗಡಿಯ ನೆಲದ ಮೇಲೆ ಕೂತು, ಅಲ್ಲೇ ಶಾಲೆಯ ಅಭ್ಯಾಸ ಬರೆಯುತ್ತಿದ್ದ ಉದಯಕುಮಾರನ ಆರು ವರ್ಷದ ಮಗಳು ಶಿವಗಂಗಾಳ ಕೈಗೆ ಹುರಿದ ಶೇಂಗಾ ಹಾಕುತ್ತ, ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಎಡಗಣ್ಣು ಒಂದೆಳೆ ಸಣ್ಣದು. ನಗುವ ಮೊದಲು ಕೆಳಗಿನ ರೆಪ್ಪೆ ತುಸು ಮೇಲೇಳುತ್ತದೆ. ಸುಳ್ಳು ಹೇಳುವಾಗ ಹೊಸ್ತಿಲು ನೋಡುತ್ತಾನೆ. ಮಖಮಲ್ಲಿನ ಮೇಲೆ ಕಪ್ಪು ಬಣ್ಣ ಹಚ್ಚುವಂತಿಲ್ಲ. ಒಣ ಕುಂಚದಿಂದ ಬೆಳಕನ್ನಷ್ಟೇ ಹಚ್ಚಬೇಕು, ಕತ್ತಲನ್ನು ಬಟ್ಟೆಯೇ ಕೊಡುತ್ತದೆ. ತಪ್ಪಿದರೆ ಒರೆಸಲಿಕ್ಕಾಗದು, ಹಚ್ಚಿದ್ದು ಹಚ್ಚಿದ್ದೇ. ಐದನೆಯ ಗುರುವಾರ ಕಣ್ಣು ಮುಗಿದಾಗ ಗೋಪಮ್ಮ ಬಹಳ ಹೊತ್ತು ನೋಡಿದಳು. ಸೆರಗನ್ನು ತಲೆಯ ಮೇಲೆಳೆದುಕೊಂಡಳು.

“ಬಂದ,” ಎಂದಳು.

ಮೂಗು, ಬಾಯಿ ಮುಂದಿನ ವಾರ ಹೇಳ್ತೀನಿ, ಇವತ್ತಿಗೆ ಇಷ್ಟ ಸಾಕು ಎಂದು ಬಸ್ಸು ಹತ್ತಿದಳು. ಆ ಮುಂದಿನ ವಾರ ಬರುವ ಮುನ್ನಾದಿನವೇ ಈ ಮನುಷ್ಯ ಚೌಕಟ್ಟನ್ನು ತಿರುಗಿಸಿ ಬೆಳಕಿಗಿಟ್ಟ.

ನಡು ಮಧ್ಯಾಹ್ನ. ತಗಡಿನ ಮಾಡು ಕಾದು ಚಟಚಟ ಎನ್ನುತ್ತಿತ್ತು. ಆ ಕಣ್ಣುಗಳ ಸುತ್ತ ಹಳದಿ ಬಳಿದ, ಹುಬ್ಬಿನ ಜಾಗದಲ್ಲಿ ಬೆಂಕಿ ಹಚ್ಚಿದ, ಮೂಗನ್ನು ಹಂದಿಯ ಮೂಗಿನಂತೆ ಅಗಲಿಸಿದ, ಕೋರೆಹಲ್ಲು ಕೂರಿಸಿದ. ಗದ್ದದವರೆಗೆ ಇಳಿಯುವ ಕೆಂಪು ನಾಲಗೆ ಬರೆಯುವಾಗ ಸೀಟಿ ಹೊಡೆಯುತ್ತಿದ್ದ. ಥೂ, ಹೇಳಲಿಕ್ಕೂ ಮೈ ಉರಿಯುತ್ತದೆ. ಟರ್ಪೆಂಟೈನಿನ ಘಾಟಿನ ನಡುವೆ ಎಲ್ಲಿಂದಲೋ ನಾಲೆಯ ಹೂಳಿನ ವಾಸನೆ ಬಂತು. ಗಟಾರ ಕಟ್ಟಿಕೊಂಡಿರಬೇಕು ಎಂದುಕೊಂಡ. ಹನ್ನೆರಡರಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂತು. ಅಮೀರ್ ಸಾಬ್ ಅದಕ್ಕೆ ಕಟ್ಟು ಹಾಕಲಿಲ್ಲ. ಅಂಗಡಿಯ ಶಟರ್ ಎಳೆದು ಮನೆಗೆ ಹೋದ.

ಗುರುವಾರ ಗೋಪಮ್ಮ ಬಂದಾಗ ಮೂಲೆ ಖಾಲಿಯಿತ್ತು. ಅಮೀರ್ ಸಾಬ್ ತಲೆ ತಗ್ಗಿಸಿಕೊಂಡು ನಡೆದದ್ದನ್ನು ಹೇಳಿದ. ಅವಳು ನೀರೂ ಕುಡಿಯದೆ ರಾಯಚೂರಿನ ಬಸ್ಸು ಹಿಡಿದು ಕಲ್ಮಲದಲ್ಲಿಳಿದು ಹೋಟೆಲಿಗೆ ನಡೆದಳು. ಮುಸುರೆ ತಿಕ್ಕುವ ಕೆಲಸಕ್ಕೆ ಬಂದವಳೆಂದು ಬಾಗಿಲಲ್ಲಿದ್ದವನು ಹಿಂದಿನ ದಾರಿ ತೋರಿಸಿದ. ಅವಳು ಮುಂದಿನ ಬಾಗಿಲಿನಿಂದಲೇ ಒಳಗೆ ಹೋದಳು.

ಹನ್ನೆರಡನೆಯ ಚಿತ್ರವನ್ನು ಕೈತೊಳೆಯುವ ತೊಟ್ಟಿಯ ಮೇಲೆ ತೂಗುಹಾಕಿದ್ದರು. ಬಸವಪ್ರಸಾದನ ಗೆಳೆಯರು ಅದರ ಪಕ್ಕ ನಿಂತು, ಅದರಂತೆಯೇ ನಾಲಗೆ ಚಾಚಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಗೋಪಮ್ಮ ಅವರ ನಡುವೆ ಹಾದು ಚಿತ್ರದ ಎದುರು ನಿಂತಳು. ಕಣ್ಣು ಮುಚ್ಚಿದಳು. ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ ಮುಚ್ಚಿದಳು. ತೆರೆದಳು.

“ಹೋದ,” ಎಂದಳು.

ಉದಯಕುಮಾರ ಅಲ್ಲೇ ಏಣಿಯ ಹತ್ತಿರ ನಿಂತಿದ್ದ. ಅಷ್ಟಕ್ಕ ಯಾಕ ಮನಸ್ಸಿಗೆ ಹಚ್ಚಿಕೊಳ್ತಿ ಯಮ್ಮಾ, ಮತ್ತೊಂದು ಬಟ್ಟಿ ಮ್ಯಾಲ ಬರದು ಕೊಡ್ತೀನಿ, ನೀ ಮತ್ತ ಹೇಳು ಎಂದ. ಬಸವಪ್ರಸಾದನ ಕಡೆ ನೋಡಿ ಕಣ್ಣು ಮಿಟುಕಿಸಿದ ಕೂಡ.

“ಮತ್ತ ಏನ್ ಹೇಳ್ಲಿ?” ಎಂದಳು ಗೋಪಮ್ಮ. ದನಿ ಏರಲಿಲ್ಲ. “ನನ್ನ ಕಡೆ ಇದ್ದದ್ದೆಲ್ಲ ನಿನ್ನ ಕೈಯಾಗ ಹಾಕಿದ್ದೆ. ಈಗ ಕಣ್ಣು ಮುಚ್ಚಿದ್ರ ಅವ ಬರವಲ್ಲ. ಇದು ಬರ್ತದ.”

ಹಿಡಿ ಮಣ್ಣು ತೂರುತ್ತಾಳೆ, ನೆಟಿಗೆ ಮುರಿಯುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಅದೇನೂ ಮಾಡಲಿಲ್ಲ. ಅಂಗೈಯನ್ನು ಮಖಮಲ್ಲಿನ ಮೇಲಿಟ್ಟು ಗದ್ದದಿಂದ ಹಣೆಯವರೆಗೆ ನಿಧಾನ ಸವರಿದಳು. ಮಖಮಲ್ಲನ್ನು ಎದುರು ಸವರಿದರೆ ನವಿರು ಎದ್ದು ಬಣ್ಣ ಕಪ್ಪಾಗುತ್ತದೆ. ಚಿತ್ರ ಮಂಕಾಯಿತು. ಆಮೇಲೆ ತಿರುಗಿ, ಅದೇ ಅಂಗೈಯಿಂದ ಉದಯಕುಮಾರನ ಮುಖವನ್ನು ಗದ್ದದಿಂದ ಹಣೆಯವರೆಗೆ ಸವರಿದಳು. ಅವಳ ಕೈ ತಣ್ಣಗಿತ್ತು. ಒದ್ದೆಯಾಗಿತ್ತು. ಹೂಳಿನ ವಾಸನೆ.

“ನನಗ ಉಳದಿದ್ದು ಒಂದ ಮಾರಿ. ಅದನ್ನ ನೀ ತಿಂದಿ. ನಿನಗೂ ಯಾವ ಮಾರಿನೂ ಉಳೀಬಾರದು.”

ಮಾಟ ಮಾಡಿದಳು, ಮಾಟ ಮಾಡಿದಳು ಎಂದು ಕೂಗಿ ಅವಳನ್ನು ರಟ್ಟೆ ಹಿಡಿದು ಹೊರದಬ್ಬಿದರು. ಗಂಡ ಸತ್ತವಳು ಸಿಟ್ಟಾದರೆ ಸಾಕು, ಈ ಮಂದಿಗೆ ಅದು ಮಾಟ! ಉದಯಕುಮಾರ ಕರವಸ್ತ್ರದಿಂದ ಮುಖ ಒರೆಸಿಕೊಂಡು ನಕ್ಕ.

ಮರುದಿನ ಬೆಳಿಗ್ಗೆ ಗಡ್ಡ ಹೆರೆಯಲು ಕನ್ನಡಿ ಹಿಡಿದ. ಗದ್ದ ಇರಲಿಲ್ಲ. ಮುಟ್ಟಿದರೆ ಇತ್ತು, ಬೆರಳಿಗೆ ಚರ್ಮ ಸಿಗುತ್ತಿತ್ತು. ಕನ್ನಡಿಯಲ್ಲಿ ಮಾತ್ರ ಆ ಜಾಗದಲ್ಲಿ ಕರಿ ಮಖಮಲ್ಲು. ನೋಡುತ್ತಿದ್ದಂತೆ ಕಪ್ಪು ತುಟಿಗೇರಿತು. ಮೂಗಿಗೇರಿತು. ಕೊನೆಗೆ ಕಣ್ಣು. ಕನ್ನಡಿಯಲ್ಲಿ ಅಂಗಿಯ ಕಾಲರಿನ ಮೇಲೆ ಒಂದು ಕಪ್ಪು ಗುಂಡು ನಿಂತಿತ್ತು. ನಿದ್ದೆ ಸಾಲದೆ ಹೀಗಾಗಿದೆ ಎಂದುಕೊಂಡ. ಹೊರಗೆ ಬಂದ. ಹಾಲಿನವನನ್ನು ನೋಡಿದ, ಅವನ ಮುಖ ಹೋಯಿತು. ಎದುರು ಮನೆಯ ಮುದುಕಿಯನ್ನು ನೋಡಿದ, ಅವಳದೂ ಹೋಯಿತು. ಫೋನು ತೆಗೆದು ಮದುವೆಯ ಫೋಟೋ ನೋಡಿದ. ಇನ್ನೂರು ಮಂದಿ, ರೇಷ್ಮೆ ಸೀರೆ, ಪೇಟ, ಒಂದೇ ಒಂದು ಮುಖವಿಲ್ಲ.

ಹೆಂಡತಿ ಸುನಂದಾ ಚಹಾ ತಂದುಕೊಟ್ಟು, ಏನಾತ್ರೀ ಎಂದಳು. ನೋಡಬಾರದೆಂದು ಅವನಿಗೆ ಹೊಳೆಯುವಷ್ಟರಲ್ಲಿ ನೋಡಿಬಿಟ್ಟಿದ್ದ. ಗದ್ದ ಹೋಯಿತು. ಮೂಗುತಿ ಹೋಯಿತು. ಗಾಬರಿಯಾದ ಎರಡು ಕಣ್ಣು ಒಂದು ಕ್ಷಣ ಉಳಿದು, ಅವೂ ಹೋದವು. ಏನಾತ್ರೀ, ಏನಾತ್ರೀ ಎಂದು ಕಪ್ಪು ಕೇಳುತ್ತಲೇ ಇತ್ತು.

ಆಗ ಅವನಿಗೆ ತಿಳಿಯಿತು. ನೋಡಿದ್ದು ಹೋಗುತ್ತದೆ. ಒಳಕೋಣೆಯಲ್ಲಿ ಶಿವಗಂಗಾ ಇನ್ನೂ ಮಲಗಿದ್ದಳು. ಅವಳನ್ನು ಇವತ್ತು ನೋಡಿಲ್ಲ. ಅದೊಂದು ಮುಖ ಇನ್ನೂ ಉಳಿದಿದೆ. ಹಗ್ಗದ ಮೇಲಿದ್ದ ಟವೆಲ್ ಎಳೆದು ಕಣ್ಣಿಗೆ ಬಿಗಿದು ಕಟ್ಟಿಕೊಂಡ.

ಹತ್ತು ದಿನ ಟವೆಲ್ ಬಿಚ್ಚಲಿಲ್ಲ. ರಾಯಚೂರಿನ ಕಣ್ಣಿನ ವೈದ್ಯರ ಮುಂದೆ ಮಾತ್ರ, ಮಗಳು ಹತ್ತಿರವಿಲ್ಲವೆಂದು ಮೂರು ಸಲ ಕೇಳಿಕೊಂಡು ಬಿಚ್ಚಿದ. ಕಣ್ಣಿಗೆ ಏನೂ ಆಗಿಲ್ಲ ಎಂದರು. ಸುನಂದಾ ಅವನನ್ನು ದೇವದುರ್ಗದ ಕಡೆ ಮಾಟ ತೆಗೆಯುವ ವಿರೂಪಣ್ಣನ ಹತ್ತಿರ ಕರೆದೊಯ್ದಳು. ಲೋಬಾನದ ಹೊಗೆ, ಕೊಯ್ದ ನಿಂಬೆಯ ಹುಳಿ ವಾಸನೆ. ಮುದುಕ ಎಲ್ಲವನ್ನೂ ಕೇಳಿದ. ಕಣ್ಣು ಬರೆದದ್ದು, ನಾಲಗೆ ಬರೆದದ್ದು, ಕಣ್ಣು ಮಿಟುಕಿಸಿದ್ದು. ಕೇಳಿ ನಿಂಬೆಹಣ್ಣುಗಳನ್ನು ಬುಟ್ಟಿಗೆ ವಾಪಸು ಹಾಕಿದ.

“ಮಾಟ ಆಗಿದ್ರ ತೆಗೀತಿದ್ದೆ ತಮ್ಮಾ. ಇದು ಅಕಿ ಸಿಟ್ಟು. ಇದನ್ನ ನಾ ಹ್ಯಾಂಗ ತೆಗೀಲಿ?”

ಸುದ್ದಿ ಹಬ್ಬಿತು. ಪೋತ್ನಾಳಕ್ಕೆ ಹೋಗಿ ಆ ಮಾಟಗಾತಿಯನ್ನು ಕಂಬಕ್ಕೆ ಕಟ್ಟೋಣ ಎಂದು ಬಸವಪ್ರಸಾದನ ಗೆಳೆಯರು ಹೊರಟರು. ಅವಳ ಗಂಡನ ಮುಖ ಹೋದಾಗ ಒಬ್ಬನೂ ಚಪ್ಪಲಿ ಮೆಟ್ಟಿರಲಿಲ್ಲ, ಈಗ ಎರಡು ಗಾಡಿ ತುಂಬ ಹೊರಟರು. ಅಮೀರ್ ಸಾಬ್ ರಸ್ತೆಗಡ್ಡ ನಿಂತು, ಮೊದಲು ನನ್ನ ಮ್ಯಾಲ ಗಾಡಿ ಹಾಯಿಸ್ರಿ ಎಂದ. ವಾಪಸು ಹೋದರು.

ಹನ್ನೊಂದನೆಯ ದಿನ ಬೆಳಿಗ್ಗೆ. ಬಿಸಿಲು ಕಿಟಕಿಯಿಂದ ನೆಲಕ್ಕೆ ಬಿದ್ದಿತ್ತು. ಉದಯಕುಮಾರ ಗೋಡೆಗೊರಗಿ ಕೂತಿದ್ದ. ಪುಟ್ಟ ಹೆಜ್ಜೆಯ ಸಪ್ಪಳ. ಶೇಂಗಾದ ವಾಸನೆ. ಅಪ್ಪ ದಿನಾ ಕಣ್ಣಾಮುಚ್ಚಾಲೆ ಆಡುತ್ತಿದ್ದಾನೆಂದು ಮಗು ತಿಳಿದಿತ್ತು. ಮೆಲ್ಲಗೆ ಬಂತು. ಉಸಿರು ಅವನ ಕೆನ್ನೆಗೆ ತಾಕಿತು. ಬೇಡ ಎಂದ. ನಗು. ಬೇಡವ್ವಾ, ಬೇಡ. ಟವೆಲ್ ಸರಕ್ಕನೆ ಜಾರಿತು.

ಒಂದು ಗೇಣು ದೂರದಲ್ಲಿ ಅವಳ ಮುಖ.

ಕಣ್ಣು ಮುಚ್ಚಬೇಕಿತ್ತು. ಮುಚ್ಚಲಾಗಲಿಲ್ಲ. ಹತ್ತು ದಿನದ ಹಸಿವು. ನೋಡಿದ. ಗದ್ದ ಹೋಯಿತು. ತಡೆಯಲೆಂಬಂತೆ ಎರಡೂ ಕೈಯಿಂದ ಅವಳ ಕೆನ್ನೆ ಹಿಡಿದ. ಬೆರಳ ನಡುವಿನಿಂದಲೇ ಕಪ್ಪು ಏರಿತು. ಉದುರಿದ ಹಲ್ಲಿನ ಸಂದಿ ಹೋಯಿತು. ಮೂಗು ಹೋಯಿತು. ಕಣ್ಣು ನಿಂತವು. ನಿಂತವು. ನಗುತ್ತಲೇ ಇದ್ದವು. ಹೋದವು.

“ಪಪ್ಪಾ, ಔಟ್,” ಎಂದಿತು ಕಪ್ಪು.

ಅವನು ಕಣ್ಣು ಮುಚ್ಚಿದ. ನೆನಪಿನಲ್ಲಾದರೂ ಇದ್ದಾಳೆಂದುಕೊಂಡ. ಹುಟ್ಟಿದ ದಿನ, ತೊಟ್ಟಿಲು, ಮೊದಲ ಸಲ ಶಾಲೆಯ ಯೂನಿಫಾರ್ಮ್ ಹಾಕಿದ ದಿನ, ಎಲ್ಲ ಕಡೆ ಹುಡುಕಿದ. ಎಲ್ಲ ಕಡೆ, ಆ ಪುಟ್ಟ ಕುತ್ತಿಗೆಯ ಮೇಲೆ, ತಾನೇ ಬರೆದ ಆ ಮುಖವಿತ್ತು. ಹಳದಿ ಚರ್ಮ, ಕೋರೆಹಲ್ಲು, ಗದ್ದದವರೆಗೆ ಇಳಿದ ನಾಲಗೆ. ಅವನ ಕುಂಚದ ಒಂದೊಂದು ಗೆರೆ. ಒಣಗದ ಬಣ್ಣ.

ಮಧ್ಯಾಹ್ನವೇ ಅಮೀರ್ ಸಾಬನ ಕೈ ಹಿಡಿದುಕೊಂಡು ಮೊದಲು ಹೋಟೆಲಿಗೆ ಹೋಗಿ ಚಿತ್ರ ಕಿತ್ತುಕೊಂಡ. ಬಸವಪ್ರಸಾದ ತೊಲಗಿದರೆ ಸಾಕೆಂಬಂತೆ ಕೊಟ್ಟುಬಿಟ್ಟ. ಅಲ್ಲಿಂದ ಪೋತ್ನಾಳ. ಗೋಪಮ್ಮ ಅಂಗಳದಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಇವನಿಗೆ ಕಂಡದ್ದು ಸೀರೆ, ಮೊರ, ಸೆರಗಿನೊಳಗೆ ಕಪ್ಪು. ಚಿತ್ರವನ್ನು ಅವಳ ಮುಂದಿಟ್ಟು ಕಾಲಿಗೆ ಬಿದ್ದ. ಅವಳು ಕಾಲು ಹಿಂದೆಳೆದುಕೊಂಡಳು. ಚಿತ್ರವನ್ನು ಮುಟ್ಟಲಿಲ್ಲ.

ಕ್ಷಮಿಸು ಎಂದ. ಮಾಟ ತೆಗೆ ಎಂದ. ನಾ ಏನು ಹಚ್ಚಿಲ್ಲ, ಏನ್ ತೆಗೀಲಿ, ನನಗ ಆದದ್ದು ನಿನಗಾತು ಎಂದಳು. ಅಕ್ಕಿ ಕೇರುವ ಸದ್ದು ಮತ್ತೆ ಶುರುವಾಯಿತು. ಆಗ ಅವನು ತಾನು ನಿಜವಾಗಿ ಕೇಳಲು ಬಂದದ್ದನ್ನು ಕೇಳಿದ.

“ಯವ್ವಾ, ನನ್ನ ಮಗಳನ್ನ ನೀ ಐದು ವಾರ ನೋಡೀದಿ. ಶೇಂಗಾ ಕೊಟ್ಟೀದಿ. ಅಕಿ ಮಾರಿ ಹ್ಯಾಂಗದ ಹೇಳು.”

ಮೊರ ನಿಂತಿತು. ಅಮೀರ್ ಸಾಬ್ ಬೇಲಿಯ ಕಡೆ ಮುಖ ತಿರುಗಿಸಿದ. ನಾಲೆಯ ನೀರಿನ ಸದ್ದು ಅಲ್ಲಿಯವರೆಗೂ ಕೇಳುತ್ತಿತ್ತು.

“ಹೇಳ್ತೀನಿ,” ಎಂದಳು ಗೋಪಮ್ಮ. “ಕಣ್ಣು ಅಷ್ಟ ಹೇಳ್ತೀನಿ. ನೀ ನನಗ ಅಷ್ಟ ಬರದು ಕೊಟ್ಟಿದ್ದಿ.”

ರೆಪ್ಪೆ ಉದ್ದ, ತುದಿಯಲ್ಲಿ ಬಾಗಿದವು ಎಂದಳು. ಬಲಗಣ್ಣಿನ ಹುಬ್ಬಿನಲ್ಲಿ ಒಂದು ಸಣ್ಣ ಗಾಯದ ಗೆರೆ. ಶೇಂಗಾ ಕೇಳುವಾಗ ಬಾಯಿ ಬಿಡುವುದಿಲ್ಲ, ಕಣ್ಣಿನಲ್ಲೇ ಕೇಳುತ್ತಾಳೆ. ಅವನು ಕಣ್ಣು ಮುಚ್ಚಿಕೊಂಡು ಒಂದೊಂದು ಮಾತನ್ನೂ ಹಿಡಿದುಕೊಂಡ. ಹಳದಿ ಮುಖದ ಮೇಲೆ ಎರಡು ಕಣ್ಣು ಮೆಲ್ಲಗೆ ಮೂಡಿದವು. ಮೂಗು, ಯವ್ವಾ, ಮೂಗು ಹೇಳು ಎಂದ.

ಗೋಪಮ್ಮ ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.