ಮೈಯೊಳಗಿನ ಸಿಟ್ಟು

"ಯಾಕ ಬಂದೀರಿ? ಸತ್ತೀನೋ ಇಲ್ಲೋ ನೋಡ್ಲಿಕ್ಕೇನು?"

ಶಿವಾಜಿನಗರದ ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ಗಂಡ ಶರಣಬಸವನನ್ನು ಕಂಡ ಕೂಡಲೇ ಸೌಂದರ್ಯಾಳ ಮೈಯೆಲ್ಲ ಉರಿದುಹೋಯಿತು.

ಎಂಟು ತಿಂಗಳ ಹಿಂದೆ ಅವಳ ಗರ್ಭದಲ್ಲಿ ಮಗುವಿನ ಬದಲು ದ್ರಾಕ್ಷಿ ಗೊಂಚಲಿನಂಥ ಗಡ್ಡೆ ಬೆಳೆದಿತ್ತು. ಅದನ್ನು ತೆಗೆಸಿಕೊಂಡು ಟಿನ್ ಫ್ಯಾಕ್ಟರಿ ಹತ್ತಿರದ ಬಾಡಿಗೆ ಕೋಣೆಗೆ ಮರಳಿದ ದಿನ ಅವನು ಆಡಿದ್ದು ಒಂದೇ ಮಾತು.

"ನಿನ್ನ ಮೈಯಾಗೇ ಏನೋ ದೋಷ ಅದ."

ಅವಳು ಅವನ ಬಟ್ಟೆಗಳನ್ನು ಹೊರಗೆಸೆದು ಬಾಗಿಲು ಹಾಕಿಕೊಂಡಿದ್ದಳು. ಆಮೇಲೆ ಗರ್ಭದಲ್ಲಿ ಉಳಿದಿದ್ದ ಚೂರು ಕ್ಯಾನ್ಸರ್ ಆಗಿ ಶ್ವಾಸಕೋಶಕ್ಕೂ ಹಬ್ಬಿತು. ಎರಡು ಬಗೆಯ ಕೀಮೋಗೂ ಜಗ್ಗಲಿಲ್ಲ.

ಇಂದು ಅವನನ್ನು ಕರೆಸಿದ್ದು ಡಾಕ್ಟರ್ ಫಾಯಿಜಾ. ಇಬ್ಬರನ್ನೂ ಕೂರಿಸಿ ವಿವರಿಸಿದರು: ಈ ಗಡ್ಡೆ ಹುಟ್ಟಿದ್ದು ಸೌಂದರ್ಯಾಳ ಮೈಯಿಂದಲ್ಲ, ಮಗುವಾಗಬೇಕಿದ್ದ ಜೀವಕೋಶದಿಂದ; ಅದರೊಳಗಿನ ವಂಶವಾಹಿಗಳೆಲ್ಲ ಗಂಡನವು.

ಸೌಂದರ್ಯಾ ಕಹಿಯಾಗಿ ನಕ್ಕಳು. "ಕೇಳಿದ್ರೇನು? ನನ್ನ ತಿನ್ಲಿಕತ್ತಿದ್ದು ನಿಮ್ದು."



"ತಪ್ಪು ಯಾರದೂ ಅಲ್ಲ," ಡಾಕ್ಟರ್ ಗದರಿದರು. "ಅದು ಅವರದಾಗಿರೋದೇ ನಿಮಗೆ ಅನುಕೂಲ. ನಿಮ್ಮ ಮೈ ಅದನ್ನ ಹೊರಗಿನದು ಅಂತ ಗುರ್ತು ಹಿಡಿಯುತ್ತೆ, ಹೊಡೆದೋಡಿಸೋಕೆ ನೋಡುತ್ತೆ. ಗಡ್ಡೆ ಆ ಶಕ್ತಿನ ತಡೆದು ಹಿಡಿದಿದೆ. ಆ ತಡೆ ತೆಗೆಯೋ ಔಷಧ ಕೊಡ್ತೀವಿ. ಎಲ್ಲರಿಗೂ ನಾಟಲ್ಲ, ಆದ್ರೆ ತುಂಬ ಜನಕ್ಕೆ ನಾಟಿದೆ."

ಮೂರು ವಾರಕ್ಕೊಮ್ಮೆ ಡ್ರಿಪ್. ಪ್ರತಿ ಸಲವೂ ಶರಣಬಸವ ಬಂದ. ಪ್ರತಿ ಸಲವೂ ಅವಳು ಗೋಡೆ ಕಡೆ ಹೊರಳಿದಳು. ಅವನು ತಂದ ಗಂಜಿಯನ್ನು ಪಕ್ಕದ ಹಾಸಿಗೆಯ ವಾಜಿದಾಗೆ ಕೊಟ್ಟುಬಿಟ್ಟಳು. ಔಷಧಕ್ಕೆ ಮೈತುಂಬ ತುರಿಕೆ ಎದ್ದಾಗ ಮುಲಾಮು ಹಚ್ಚಲು ಬಂದವನ ಕೈ ತಳ್ಳಿ, ಇನ್ನು ಈ ಕಡೆ ತಲೆ ಹಾಕಬೇಡಿ ಎಂದಳು.

ಮುಂದಿನ ಸಲ ಅವನು ಬರಲಿಲ್ಲ.

ನೆಮ್ಮದಿ ಆಗಬೇಕಿತ್ತು... ಆಗಲಿಲ್ಲ. ಬಾಗಿಲು ತೆರೆದಾಗಲೆಲ್ಲ ಅವಳ ಕಣ್ಣು ಅತ್ತಲೇ ಹೋಗುತ್ತಿತ್ತು.

ಅಂದೇ ರಕ್ತದ ರಿಪೋರ್ಟ್ ಬಂತು. ಆ ಗಡ್ಡೆ ರಕ್ತಕ್ಕೆ ಬಿಡುತ್ತಿದ್ದ ಗರ್ಭದ ಹಾರ್ಮೋನು ಲಕ್ಷ ದಾಟಿದ್ದದ್ದು ಮೂರಕ್ಕೆ ಇಳಿದಿತ್ತು. ಬಸಿರಿಲ್ಲದ ಆರೋಗ್ಯವಂತರಲ್ಲೂ ಇಷ್ಟು ಇರುತ್ತದೆ ಎಂದರು ಡಾಕ್ಟರ್. ಇನ್ನೂ ಕೆಲವು ಡ್ರಿಪ್ ಮುಗಿಸಿದರೆ ಸಾಕು. ಈ ಮಾತು ಮೊದಲು ಯಾರಿಗೆ ಹೇಳಲಿ?

ಅವಳು ಕಮರ್ಷಿಯಲ್ ಸ್ಟ್ರೀಟಿಗೆ ನಡೆದಳು. ಅವನು ಕೆಲಸಕ್ಕಿದ್ದ ಅಂಗಡಿಯಲ್ಲಿ, ಬಿಚ್ಚಿದ ಸೀರೆಗಳ ಮೇಲೆ ರಿಪೋರ್ಟ್ ಇಟ್ಟಳು. ಅವನು ಅದನ್ನು ಎರಡೆರಡು ಸಲ ಓದಿದ.

"ಅವತ್ತು ಗಡ್ಡಿ ತೆಗಸೋ ಮುಂದ ನಿನಗ ಹೋದ ರಕ್ತ ನೋಡಿ ಹೆದರಿದ್ದೆ ಸೌಂದರ್ಯಾ. ನೀ ಎಲ್ಲಿ ಹೋಗ್ಬಿಡ್ತೀಯೋ ಅಂತ... ಆ ಹೆದರಿಕಿ ಹಂಗ ಮಾತಾಡಸ್ತು. ತಪ್ಪು ನಂದು."

"ನನಗಿನ್ನೂ ಸಿಟ್ಟದ."

"ಇರ್ಲಿ. ಮನೀಗ್ ಬಂದು ಬೈಸ್ಕೊಳ್ಳಲೇನು?"

ಅವಳು ಕಣ್ಣೊರೆಸಿಕೊಂಡಳು. "ಬರ್ರಿ. ಬೈಯೋದು ಬಾಳ ಅದ."