ಬೀಡಿನ ಹೂಂಕಾರ

"ಕತೆ ಹೇಳುವುದಾದರೆ ಹೇಳಿ. ಹೂಂಗುಟ್ಟಲಿಕ್ಕೆ ನಾನು ಕಂಬದ ಹತ್ತಿರ ಕೂತಿರ್ತೇನೆ," ಎಂದರು ಪಂಕಜಾಕ್ಷಿಯಮ್ಮ. ನೆಕ್ರಾಜೆಯ ಆ ಹಳೆಯ ಬೀಡುಮನೆಯ ಯಜಮಾನಿತಿ ಅವರು. "ಈ ಚಾವಡಿಯಲ್ಲಿ ಬದುಕಿರುವವರು ಹೂಂ ಅನ್ನದಿದ್ರೆ ಉಪ್ಪರಿಗೆಯಿಂದ ಸತ್ತವರು ಅಂತಾರೆ. ಮತ್ತೆ ನಿಮ್ಮ ನಾಲಗೆ ನಿಮ್ಮದಲ್ಲ."

ವಿಜೇತ್ ನಕ್ಕ. ಮದುವೆಮನೆ, ನಾಟಕ, ರೇಡಿಯೊ ಜಾಹೀರಾತು ಎಂದು ಕುಂಜತ್ತೂರಿನ ಈ ಮಾತುಗಾರ ನಾಲಗೆಯನ್ನೇ ಉತ್ತು ಬಿತ್ತಿ ಉಣ್ಣುವವನು. ಈ ಸಂಜೆ ಟಿಕೆಟ್ ಕೊಂಡು ಬಂದವರಿಗೆ ಬೀಡಿನದೇ ಪ್ರೇತದ ಕತೆ ಹೇಳಬೇಕು, ರೆಕಾರ್ಡೂ ಆಗಬೇಕು. ನಡುನಡುವೆ ಮುದುಕಿಯ ಹೂಂ ಸೇರಿದರೆ ಎಲ್ಲ ಹಾಳು.

"ಅದೆಲ್ಲ ಎಂತದೂ ಬೇಡ ಮಾರಾಯ್ರೆ. ನೀವು ಅಡುಗೆಮನೆಯಲ್ಲಿ ಆರಾಮ ಕೂತ್ಕೊಳ್ಳಿ."

ಅವರು ಅವನ ಹೆಂಡತಿ ನಮಿತಾಳ ಕಡೆ ತಿರುಗಿದರು. "ನೀನಾದರೂ ಅನ್ನು ಮಗಾ." ವಿಜೇತ್ ತುಟಿಗೆ ಬೆರಳಿಟ್ಟು ಹೆಂಡತಿಗೆ ಸನ್ನೆ ಮಾಡಿದ. ಗಂಡನ ಮಾತು ಮೀರಿ ಅಭ್ಯಾಸವಿಲ್ಲದ ನಮಿತಾ ತಲೆಯಾಡಿಸಿದಳು.

ದೀಪ ಹಚ್ಚುವ ಹೊತ್ತು. ಬಾವಲಿ ಹಿಕ್ಕೆಯ ವಾಸನೆಗೆ ಕರಟಿದ ಬತ್ತಿಯ ವಾಸನೆ ಬೆರೆತಿತ್ತು. ಎಲ್ಲರ ಮೊಬೈಲು ಆರಿತು. ಕೆಮ್ಮೂ ಇಲ್ಲ.

"ಇಲ್ಲಿ ವಾಸಪ್ಪ ಎಂಬ ಯಜಮಾನನಿದ್ದ. ಕತೆ ಹೇಳುವುದರಲ್ಲಿ ಅವನನ್ನು ಮೀರಿಸಿದವರಿಲ್ಲ."

ಹೂಂ.

ಯಾರೋ ತಮಾಷೆಯವರು ಎಂದುಕೊಂಡ ವಿಜೇತ್. ಆದರೆ ಸದ್ದು ಬಂದದ್ದು ಮೇಲಿನಿಂದ.

"ಆಸ್ತಿಗಾಗಿ ತಮ್ಮನೇ ಅವನಿಗೆ ಮಾಟ ಮಾಡಿಸಿದ. ಕೋಳಿಯ ನಾಲಗೆಗೆ ಕಪ್ಪು ನೂಲು ಸುತ್ತಿಸಿ ಉಪ್ಪರಿಗೆಯ ತೊಲೆಯ ಸಂದಿಯಲ್ಲಿ ಇಡಿಸಿದ."

ಹೂಂ.

ವಿಜೇತನ ನಾಲಗೆಯ ತುದಿ ಜೋಮು ಹಿಡಿಯಿತು. ನಿಲ್ಲಿಸಬೇಕೆಂದುಕೊಂಡ. ನಾಲಗೆ ನಿಲ್ಲಲಿಲ್ಲ.

"ಅಂದಿನಿಂದ ಅವನ ಬಾಯಲ್ಲಿ ಉಳಿದದ್ದು ಒಂದೇ ಮಾತು."

ಹೂಂ. ಹೂಂ.

ಮೆಟ್ಟಿಲು ಕಿರುಗುಟ್ಟಿತು. ಒಂದು. ಮತ್ತೊಂದು. ದೀಪ ಕುಗ್ಗಿತು. ವಿಜೇತ್ ನಮಿತಾಳನ್ನೇ ನೋಡಿದ. ಹೂಂ ಅನ್ನು, ಈಗಲಾದರೂ ಅನ್ನು. ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವನ ಬಾಯಿ ಆಡುತ್ತಿತ್ತು. ಸ್ವರವಿರಲಿಲ್ಲ.

ಅಡುಗೆಮನೆಯಿಂದ ಪಂಕಜಾಕ್ಷಿಯಮ್ಮ ಓಡಿ ಬಂದು ಹೂಂ, ಹೂಂ ಎಂದರು. ತಡವಾಗಿತ್ತು.

"ಅಲ್ಲಿಗೆ ಕತೆ ಮುಗಿಯಿತು," ಎಂದಿತು ಮೆಟ್ಟಿಲ ಕತ್ತಲು. ಅದು ವಿಜೇತನದೇ ಸ್ವರ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಂಥ ಅಭಿನಯ ನೋಡಿಯೇ ಇಲ್ಲ ಎಂದರು.

ಮಂಗಳೂರಿನ ಡಾಕ್ಟರು ಗಂಟಲಲ್ಲಿ ಎಂತದೂ ತೊಂದರೆ ಇಲ್ಲ ಎಂದರು. ಮಂತ್ರವಾದಿ ತೆಂಗಿನಕಾಯಿ ಒಡೆದು, ಒಳಗೆ ನೋಡಿ, ದಕ್ಷಿಣೆ ವಾಪಸು ಕೊಟ್ಟ. ವಿಜೇತ್ ಈಗ ಕುಂಜತ್ತೂರಿನ ಮನೆಯ ಜಗಲಿಯಲ್ಲಿ ಕೂರುತ್ತಾನೆ. ಬರೆಯೋಣವೆಂದರೆ ಬೆರಳಿಗೂ ಜೋಮು ಇಳಿದಿದೆ. ತಲೆಯಾಡಿಸಿದರೆ ಅದೂ ಹೌದೆಂದೇ ಆಡುತ್ತದೆ. ದುಃಖವೂ ಈಗ ಮರಗಟ್ಟಿದೆ.

ಒಂದು ಸಂಜೆ ನಮಿತಾ ಗಂಜಿಯ ಬಟ್ಟಲು ಹಿಡಿದು ಅವನೆದುರು ಕೂತಳು. ಅಳಲಿಲ್ಲ. ಇಷ್ಟು ದಿನ ನುಂಗಿಕೊಂಡದ್ದನ್ನು ಕೇಳಿದಳು.

"ಆ ದಿನ ನಾನು ಸುಮ್ಮನೆ ಕೂತದ್ದಕ್ಕೇ ಹೀಗಾಯ್ತು ಅಂತ ನಿಮಗೆ ನನ್ನ ಮೇಲೆ ಸಿಟ್ಟು ಉಂಟಾ?"

ಇಲ್ಲ ಎನ್ನಬೇಕು. ತಪ್ಪು ನನ್ನದು ಎನ್ನಬೇಕು. ವಿಜೇತ್ ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಬಾಯಿ ತೆರೆದ.

"ಹೂಂ."