ಇದು ಯಾವ ಡಾನಲ್ಡ್?

"ಇದು ಯಾವ ಡಾನಲ್ಡ್ ಮೊರಿಸನ್?" ಟಾರ್ಕಿಲ್ ಮಾಮ ಒಂದು ಹಳೇ ಫೋಟೋ ಎತ್ತಿ ಹಿಡಿದು ಕೇಳಿದ.

"ದೋಣಿ ಪಕ್ಕ ನಿಂತಿರೋರು," ಅಂದಳು ಇಶಬೆಲ್.

"ಮತ್ತೆ ಇದು?"

"ಅವರೂ ಡಾನಲ್ಡ್ ಮೊರಿಸನ್."

"ಇದೂ?"

ಇಶಬೆಲ್ ಉಳಿದ ಫೋಟೋಗಳನ್ನೂ ತಿರುಗಿಸಿ ನೋಡಿದಳು. ಡಬ್ಬದ ತುಂಬ ಡಾನಲ್ಡ್ ಮೊರಿಸನ್‌ಗಳೇ!

ಟಾರ್ಕಿಲ್ ಮಾಮನ ಇತಿಹಾಸ ಸಂಘ ದ್ವೀಪದ ಹಳೇ ಫೋಟೋಗಳನ್ನು ಕೂಡಿಸುತ್ತಿತ್ತು. ಅವುಗಳಲ್ಲಿರುವವರ ಗುರುತು ಬಲ್ಲವಳು ಊರಿನ ಕರ್ಸ್ಟಿ ಅಜ್ಜಿ ಒಬ್ಬಳೇ. ಅವಳು ಹೇಳಿದ್ದನ್ನು ಫೋಟೋದ ಹಿಂದೆ ಬರೆಯುವ ಕೆಲಸ ಇಶಬೆಲ್‌ಗೆ ಸಿಕ್ಕಿತ್ತು.

"ಅಜ್ಜಿ ಇಷ್ಟೇ ಹೇಳಿದ್ರಾ?"

"ಇಲ್ಲ ಮಾಮ. ಬೆಕ್ಕಿನ ಡಾನಲ್ಡ್, ಗಂಜಿ ಡಾನಲ್ಡ್ ಅಂತೆಲ್ಲ ಹೇಳಿದ್ರು. ಅಡ್ಡಹೆಸರು ಕರೀಬಾರದು ಅಂತ ಮಿಸ್ ಹೇಳಿದಾರಲ್ಲ? ಅದಕ್ಕೇ ಒಳ್ಳೇ ಹೆಸರು ಬರೆದೆ."

ಮಾಮ ತಲೆ ಮೇಲೆ ಕೈ ಇಟ್ಟುಕೊಂಡ. "ಅಯ್ಯೋ ಪುಟ್ಟಿ! ಇಲ್ಲಿ ಕಲ್ಲೆಸೆದರೆ ಒಬ್ಬ ಡಾನಲ್ಡ್ ಮೊರಿಸನ್‌ಗೆ ತಾಗತ್ತೆ. ಅಡ್ಡಹೆಸರಿಲ್ಲದೆ ಪೋಸ್ಟ್‌ಮ್ಯಾನ್‌ಗೂ ಮನೆ ಸಿಗಲ್ಲ!"

ಯಾವ ಫೋಟೋಗೆ ಯಾವ ಅಡ್ಡಹೆಸರು ಅಂತ ಇಶಬೆಲ್‌ಗೆ ನೆನಪಿರಲಿಲ್ಲ. ಅಜ್ಜಿಯ ಕಣ್ಣು ಮಂಜಾಗುತ್ತಾ ಬಂದಿತ್ತು. ಅದಕ್ಕೇ ಅವಳು ಗ್ಲಾಸ್ಗೋದ ಮಗಳ ಮನೆಗೆ ಇವತ್ತಿನ ಹಡಗಿಗೇ ಹೊರಟಿದ್ದಳು. ಇವತ್ತು ತಪ್ಪಿದರೆ ಈ ಮುಖಗಳು ಯಾರವೆಂದು ಹೇಳುವವರೇ ಇಲ್ಲ.

"ಮಾಮ, ವ್ಯಾನ್ ತೆಗೀರಿ!" ಅಂತ ಅವಳು ಡಬ್ಬ ಎತ್ತಿಕೊಂಡಳು.

ಹಡಗುಕಟ್ಟೆಯಲ್ಲಿ ಗಾಳಿ ಬೀಸುತ್ತಿತ್ತು. ಅಜ್ಜಿ ಚೀಲದ ಪಕ್ಕ ಕೂತು ಫ್ಲಾಸ್ಕಿನ ಟೀ ಕುಡಿಯುತ್ತಿದ್ದಳು. ತನ್ನ ತಪ್ಪು ಹೇಳುವಷ್ಟರಲ್ಲಿ ಇಶಬೆಲ್‌ಗೆ ಅಳುವೇ ಬಂದಿತು.

"ಅಳೋಕೆ ಆಮೇಲೆ ಪುರುಸೊತ್ತಿದೆ. ಪೆನ್ಸಿಲ್ ಎಲ್ಲಿ?" ಅಂದಳು ಅಜ್ಜಿ.

ಒಂದೊಂದೇ ಫೋಟೋವನ್ನು ಮೂಗಿನ ಹತ್ತಿರ ಹಿಡಿದು ಹೇಳತೊಡಗಿದಳು. "ಇವನು ಬೆಕ್ಕಿನ ಡಾನಲ್ಡ್. ಚರ್ಚಿಗೂ ಬೆಕ್ಕು ಹಿಂದೆ ಬರೋದು. ಇವನು ಗಂಜಿ ಡಾನಲ್ಡ್. ಮದುವೆ ಊಟ ಬಿಟ್ಟು ಓಟ್ಸ್ ಗಂಜಿ ಕೇಳಿದ ಪುಣ್ಯಾತ್ಮ!"

ಇಶಬೆಲ್ ನಗುತ್ತಾ ಬರೆದಳು, ಬರೆಯುತ್ತಾ ನಕ್ಕಳು. ಕೊನೆಯ ಫೋಟೋ ಮುಗಿಯುವ ಹೊತ್ತಿಗೆ ಹಡಗು ಕೂಗಿತು.

"ಥ್ಯಾಂಕ್ಸ್ ಅಜ್ಜಿ," ಅಂತ ಅವಳ ಕೋಟಿಗೆ ಮುಖ ಒತ್ತಿದಳು.

"ಥ್ಯಾಂಕ್ಸ್ ನಾನು ನಿನಗೆ ಹೇಳಬೇಕು ಕಣೇ. ಇವರನ್ನೆಲ್ಲ ಒಬ್ಬಳೇ ಹೊತ್ತುಕೊಂಡಿದ್ದೆ. ಈಗ ನೀನಿದೀಯ."

ಹಡಗು ಹೋದ ಮೇಲೆ, ಅದರ ಹಗ್ಗ ಬಿಚ್ಚಿದ ಕಟ್ಟೆಯ ಆಳು ಕೈ ಒರೆಸಿಕೊಂಡು ಬಂದು ಡಬ್ಬದೊಳಗೆ ಬಗ್ಗಿ ನೋಡಿದ. ಒಂದು ಫೋಟೋ ಎತ್ತಿ ಹಿಂಬದಿ ಓದಿದ.

"ಗಂಜಿ ಡಾನಲ್ಡ್... ನಮ್ಮ ತಾತ! ನಾನು ಹುಟ್ಟೋ ಮೊದಲೇ ಹೋಗಿಬಿಟ್ರು. ಮುಖ ನೋಡಿರಲೇ ಇಲ್ಲ." ಫೋಟೋ ತಿರುಗಿಸಿ ಬಹಳ ಹೊತ್ತು ನೋಡಿದ. "ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ ಮಗು."

"ಮೊಮ್ಮಗ ಅಂತ ನಿಮ್ಮ ಹೆಸರೂ ಬರೀತೀನಿ," ಅಂದಳು ಇಶಬೆಲ್.

"ಡಾನಲ್ಡ್ ಮೊರಿಸನ್."

"ಅದಲ್ಲ. ಊರಲ್ಲಿ ಏನಂತಾರೆ?"

ಅವನ ಕಿವಿ ಕೆಂಪಾಯಿತು. "ಅದನ್ನ ಬರೀಲೇಬೇಕಾ?"

"ಬರೀಬೇಕು. ಇಲ್ಲಾಂದ್ರೆ ಆಮೇಲೆ ನೀವು ಯಾರಿಗೂ ಸಿಗಲ್ಲ."

ಅವನು ಆಚೀಚೆ ನೋಡಿ, ಬಗ್ಗಿ ಅವಳ ಕಿವಿಯಲ್ಲಿ ಹೇಳಿದ.

ಇಶಬೆಲ್ ನಗಲಿಲ್ಲ. ದುಂಡು ಅಕ್ಷರದಲ್ಲಿ ಬರೆದುಕೊಂಡಳು.